ಅತ್ತೆಯ ಬಾಯಿಗೆ ಎರಡು ಪ್ರೊಸೆಸರ್

ನನ್ನ ಅತ್ತೆಗೆ ಗಂಟಲಿನ ಆಪರೇಷನ್ ಆಗಿ ದನಿ ಪೂರ್ತಿ ಹೋಯಿತೆಂದು ಗೊತ್ತಾದಾಗ ನನ್ನ ಗೆಳತಿಯರು ಒಬ್ಬೊಬ್ಬರಾಗಿ ಫೋನ್ ಮಾಡಿದರು. ಎಲ್ಲರೂ "ಅಯ್ಯೋ ಪಾಪ" ಎಂದು ಶುರುಮಾಡಿ, ಒಂದು ಗಳಿಗೆ ತಡೆದು, "ನಿನಗಿನ್ನು ಆರಾಮಾಯ್ತು ಬಿಡೇ" ಎಂದು ಮುಗಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನೆಯ ಹೊಸ್ತಿಲು ತುಳಿದ ದಿನದಿಂದ ಆ ಹೆಂಗಸಿನ ಜೊತೆ ಜಗಳ ಆಡಿದವಳು ನಾನು. ಒಂದೇ ಒಂದು ಜಗಳವನ್ನೂ ಗೆಲ್ಲದವಳೂ ನಾನೇ. ಎದುರಾಳಿಯ ಬಾಯಿಗೆ ಡಾಕ್ಟರು ಬೀಗ ಹಾಕಿದರೆ ಅದು ನನ್ನ ಗೆಲುವಾಗುತ್ತದೆಯೇ? ಥೂ, ನನ್ನನ್ನು ಅಷ್ಟು ಅಗ್ಗದವಳು ಅಂದುಕೊಂಡರಾ ಇವರು?

ಅತ್ತೆಯ ಬಾಯಿ ಎಂಥದೆಂದು ತಿಳಿಯಬೇಕಾದರೆ ಮೊದಲು ಅವರ ಕೆಲಸ ತಿಳಿಯಬೇಕು. ನಮ್ಮ ಮಾರುಕಟ್ಟೆಯ ಹಿಂಬದಿಯಲ್ಲಿ ತಗಡಿನ ಮಾಡಿನ ದೊಡ್ಡದೊಂದು ಅಂಗಳವಿದೆ. ಅಲ್ಲಿ ಪ್ರತಿ ಭಾನುವಾರ ಹಳೆ ಸಾಮಾನುಗಳ ಹರಾಜು. ಮನೆ ಬದಲಾಯಿಸುವವರ ಬೀರು, ಮುಚ್ಚಿದ ಹೋಟೆಲಿನ ಕುರ್ಚಿಗಳು, ತೀರಿಕೊಂಡವರ ಮಂಚ, ಮಕ್ಕಳು ಬೆಳೆದು ಬೇಡವಾದ ಸೈಕಲ್ಲು, ಎಲ್ಲವೂ ಬರುವುದು ಅಲ್ಲಿಗೇ. ಅತ್ತೆ ಮೊದಲು ಅಲ್ಲಿ ಟೈಪಿಸ್ಟ್ ಆಗಿದ್ದರು. ಒಂದು ಭಾನುವಾರ ಹರಾಜು ಕೂಗುವವರಿಗೆ ಜ್ವರ ಬಂದು ಜನ ಗೊಣಗುತ್ತ ಹೊರಟಿದ್ದರಂತೆ. ಅತ್ತೆ ಟೈಪ್‌ರೈಟರ್ ಬಿಟ್ಟೆದ್ದು, ಕನ್ನಡಕವನ್ನು ಹಣೆಗೇರಿಸಿ, ಕಟ್ಟೆ ಹತ್ತಿ ನಿಂತು, "ಯಾಕ್ರೀ ಹೊರಟ್ರಿ? ಬರಿಗೈಲಿ ಹೋದ್ರೆ ಮನೇಲಿ ಬಾಗಿಲು ತೆಗೀತಾರಾ?" ಎಂದರಂತೆ. ಹೊರಟವರು ನಿಂತರು. ನಿಂತವರು ನಕ್ಕರು. ನಕ್ಕವರು ಸಂಜೆಯ ಹೊತ್ತಿಗೆ ಸಾಮಾನೆಲ್ಲ ಕೊಂಡು ಅಂಗಳ ಖಾಲಿ ಮಾಡಿ ಹೋದರು. ಅಂದಿನಿಂದ ಅವರು ಹರಾಜಮ್ಮ. ಅವರ ಸ್ವಂತ ಹೆಸರು ಈಗ ಅಂಗಳದಲ್ಲಿ ಯಾರಿಗೂ ನೆನಪಿಲ್ಲ.

ಈ ಕೆಲಸದಲ್ಲಿ ಅವರದು ಒಂದೇ ಸೂತ್ರ. ಕೈ ಇಳಿಯುವ ಮುಂಚೆ ಮಾತು ಬೀಳಬೇಕು. ಕೊಳ್ಳುವವನು ಆಸೆಪಟ್ಟು ಕೈ ಎತ್ತುತ್ತಾನೆ. ಎತ್ತಿದ ಕೈ ಕೆಳಗೆ ಬರುತ್ತಿದ್ದ ಹಾಗೆ ಅವನಿಗೆ ಬುದ್ಧಿಯೂ ಬರುತ್ತದೆ. ಮನೆಯಲ್ಲಿ ಇದಕ್ಕೆ ಜಾಗ ಎಲ್ಲಿದೆ, ಹೆಂಡತಿ ಏನನ್ನುತ್ತಾಳೆ, ಇದರ ಕಾಲು ಮುರಿದಿದೆಯೋ ಏನೋ! ಆ ಬುದ್ಧಿ ಬರುವುದರೊಳಗೆ ಅವನ ಪಕ್ಕದವನ ಕಡೆ ತಿರುಗಿ, "ನೋಡ್ರಪ್ಪಾ, ಮೊನ್ನೆ ಮೊನ್ನೆ ಮೀಸೆ ಬಂದ ಹುಡುಗ ಕೈ ಎತ್ತಿದ, ದೊಡ್ಡೋರು ಜೇಬಲ್ಲಿ ಕೈ ಇಟ್ಕೊಂಡು ನಿಂತಿದೀರಲ್ಲಾ" ಎಂದುಬಿಟ್ಟರೆ ಪಕ್ಕದವನ ಕೈಯೂ ಏಳುತ್ತದೆ. ಅತ್ತೆಗೆ ಅಂಗಳದ ಒಬ್ಬೊಬ್ಬರ ಸೊಸೆ, ಬೀಗರು, ಹಲ್ಲುನೋವು, ಬಾಡಿಗೆ ಮನೆಯ ಅಳತೆ ಎಲ್ಲ ಗೊತ್ತು. ಯಾವ ಮಾತು ಯಾರಿಗೆ ನಾಟುತ್ತದೆ ಎಂಬುದು ಅವರ ನಾಲಿಗೆಯ ತುದಿಯಲ್ಲೇ ಇತ್ತು.

ಆ ನಾಲಿಗೆ ಇದ್ದಲ್ಲೇ ಇತ್ತು, ಅದರ ಹಿಂದಿನ ದನಿ ಇರಲಿಲ್ಲ. ಆಸ್ಪತ್ರೆಯವರು ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಒಂದು ಸಾಧನ ಕೊಟ್ಟಿದ್ದರು. ಅದು ದುಂಬಿಯಂತೆ ಗುಂಯ್‌ಗುಟ್ಟುತ್ತಿತ್ತು. ಮನೆಯಲ್ಲಿ ನಮಗೇ ಅರ್ಥವಾಗದ್ದು ತಗಡಿನ ಮಾಡಿನ ಕೆಳಗೆ ಯಾರಿಗೆ ಅರ್ಥವಾದೀತು? ಫೋನಿನಲ್ಲಿ ಬರೆದು ಓದಿಸುವುದನ್ನೂ ನೋಡಿದೆವು. ಆ ಅಂಗಳದಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೊನೆಗೆ ಒಂದು ಸ್ಲೇಟು ತಂದುಕೊಟ್ಟೆವು. ಅದೇ ಎಲ್ಲಕ್ಕಿಂತ ಕೆಟ್ಟದ್ದಾಯಿತು. ಅತ್ತೆ ಬರೆಯಲು ಶುರುಮಾಡಿದರೆ ಸಾಕು, ಎದುರಿನವರು ಮಾತು ನಿಲ್ಲಿಸಿ, ಕೈಕಟ್ಟಿ, ಮುಖದಲ್ಲಿ ಕರುಣೆ ತುಂಬಿಕೊಂಡು ಕಾಯುತ್ತಿದ್ದರು. ಬರೆದದ್ದನ್ನು ಓದಿ, "ಹೌದಮ್ಮಾ, ನೀವು ಹೇಳೋದೇ ಸರಿ" ಎನ್ನುತ್ತಿದ್ದರು. ನಾನೂ ಎರಡು ಸಲ ಹಾಗೆಯೇ ಅಂದೆ. ಎರಡನೆಯ ಸಲ ಅತ್ತೆ ನನ್ನನ್ನು ದಿಟ್ಟಿಸಿ ನೋಡಿ, ಸ್ಲೇಟನ್ನು ಬೀರುವಿನ ಹಿಂದೆ ತಳ್ಳಿಬಿಟ್ಟರು. ಆಮೇಲೆ ಅವರು ಬರೆಯುವುದನ್ನೂ ಬಿಟ್ಟರು.

ಅಂಗಳದ ಯಜಮಾನರು ಕೆಟ್ಟವರಲ್ಲ. ಅತ್ತೆ ಆಸ್ಪತ್ರೆಯಲ್ಲಿದ್ದಷ್ಟು ಕಾಲ ಮೈಕ್ ಬಾಡಿಗೆಗೆ ಕೊಡುವ ಒಬ್ಬನನ್ನು ಕಟ್ಟೆ ಹತ್ತಿಸಿದ್ದರು. ಅವನನ್ನು ನಾವೆಲ್ಲ ಕರೆಯುತ್ತಿದ್ದದ್ದು ಮೈಕಾಸುರ ಎಂದು. ಗಂಟಲು ದೊಡ್ಡದು, ಮಾತು ಒಂದೇ ಥರದ್ದು. ಆದರೂ ಕೆಲಸ ನಡೆಯುತ್ತಿತ್ತು. ಒಂದು ದಿನ ಯಜಮಾನರೇ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, "ಹರಾಜಮ್ಮಾ, ವರ್ಷಕ್ಕೆ ಒಬ್ಬರನ್ನ ಗೊತ್ತು ಮಾಡ್ಕೋಬೇಕು. ಮುಂದಿನ ತಿಂಗಳ ಮೊದಲ ಭಾನುವಾರ ಕಟ್ಟೆ ನಿಮಗೇ ಬಿಟ್ಕೊಡ್ತೀನಿ. ಹೆಂಗಾದ್ರೂ ಮಾಡಿ, ನಡೆಸಿಕೊಟ್ರೆ ಕಟ್ಟೆ ನಿಮ್ಮದು. ಆಗದಿದ್ರೆ ಮನಸ್ಸಿಗೆ ಹಚ್ಕೋಬೇಡಿ, ಮೈಕಿನೋನನ್ನೇ ಖಾಯಂ ಮಾಡ್ತೀನಿ" ಎಂದರು. ಅವರು ಹೋದ ಮೇಲೆ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಊಟಕ್ಕೆ ಕರೆದರೂ ತಿರುಗಲಿಲ್ಲ. ಅವರ ಬೆನ್ನು ನೋಡುತ್ತ ನಿಂತಿದ್ದ ನನಗೆ ಸಿಟ್ಟೋ ಅಳುವೋ ತಿಳಿಯದ ಏನೋ ಒಂದು ಒತ್ತರಿಸಿಕೊಂಡು ಬಂತು. ಈ ಹೆಂಗಸನ್ನು ಹೀಗೆ ಸುಮ್ಮನೆ ಕೂರಲು ನಾನು ಬಿಡುವವಳಲ್ಲ ಎಂದುಕೊಂಡೆ.

ನಾನು ಕಂಪ್ಯೂಟರ್ ಜೋಡಿಸುವವಳು. ಮೆಟ್ಟಿಲ ಕೆಳಗಿನ ಒಂದು ಗೂಡಿನಂಥ ಅಂಗಡಿ, ಒಂದು ಮೇಜು, ಸ್ಕ್ರೂಡ್ರೈವರುಗಳು, ಮೂಲೆಯಲ್ಲಿ ಸತ್ತ ಮಾನಿಟರುಗಳ ರಾಶಿ. ಟೈಪ್ ಮಾಡಿದ್ದನ್ನು ಓದಿ ಹೇಳುವ ಸಾಫ್ಟ್‌ವೇರ್ ಇದೆ ಎಂದು ನನಗೆ ಗೊತ್ತಿತ್ತು. ಇಂಟರ್ನೆಟ್ ಇಲ್ಲದೆಯೂ ಓದುವಂಥದ್ದು, ಡಬ್ಬದ ದನಿಯಲ್ಲದೆ ಮನುಷ್ಯರ ದನಿಯಂತೆ ಇರುವಂಥದ್ದು ಒಂದು ಸಿಕ್ಕಿತು. ಅತ್ತೆ ಹೇಗೂ ಹಳೆಯ ಟೈಪಿಸ್ಟ್, ಬೆರಳು ಕುದುರೆಯಂತೆ ಓಡುತ್ತದೆ. ಆದರೆ ಅಂಥ ದನಿ ತಯಾರಿಸಲು ಕಂಪ್ಯೂಟರು ಬೆವರು ಸುರಿಸಬೇಕು. ನಮ್ಮ ಕೈಗೆಟುಕುವ ಅಗ್ಗದ ಪ್ರೊಸೆಸರುಗಳು ಆಗ ಮಾರುಕಟ್ಟೆಯಲ್ಲಿದ್ದದ್ದು ಎರಡೇ.

ಬಿಡಿಭಾಗ ಮಾರುವ ಅಣ್ಣನ ಅಂಗಡಿಗೆ ಹೋದೆ. ಅವನು ಎರಡೂ ಡಬ್ಬಿಗಳನ್ನು ಗಾಜಿನ ಮೇಲಿಟ್ಟ. ಒಂದರಲ್ಲಿ ನಾಲ್ಕು ಕೋರ್, ಇನ್ನೊಂದರಲ್ಲಿ ಎರಡು. ಕೋರ್ ಎಂದರೆ ಪ್ರೊಸೆಸರಿನ ಒಳಗೆ ಕೂತು ದುಡಿಯುವ ಆಳು ಅಂತಿಟ್ಟುಕೊಳ್ಳಿ. ನಾಲ್ಕು ಆಳಿನದು ಸ್ವಲ್ಪ ನಿಧಾನ, ಎರಡು ಆಳಿನದು ಚುರುಕು. ಕ್ರಯ ಹೆಚ್ಚುಕಡಿಮೆ ಒಂದೇ. ಅಣ್ಣ ಕಂಪ್ಯೂಟರಿನಲ್ಲಿ ಪರೀಕ್ಷೆಯ ಅಂಕಗಳನ್ನು ತೆಗೆದು ತೋರಿಸಿದ. ನಾಲ್ಕು ಕೋರಿನದರ ಅಂಕ ಮೇಲಿತ್ತು.

"ಇದರಲ್ಲಿ ಯೋಚನೆ ಮಾಡೋದೇನಿದೆ? ನಾಲ್ಕು ಜನ ಎರಡು ಜನಕ್ಕಿಂತ ಜಾಸ್ತಿ ತಾನೇ?" ಎಂದು ನಾನೇ ಅವನಿಗೆ ಪಾಠ ಹೇಳಿ, ನಾಲ್ಕು ಕೋರಿನ ಡಬ್ಬಿ ಎತ್ತಿಕೊಂಡು ಬಂದೆ. ಎದೆ ಉಬ್ಬಿಸಿಕೊಂಡೇ ಜೋಡಿಸಿದೆ. ಅತ್ತೆಗೆ ಪದೇ ಪದೇ ಬೇಕಾಗುವ ಮಾತುಗಳಿಗೆಲ್ಲ ಕಿರುದಾರಿ ಮಾಡಿಟ್ಟೆ. ಎರಡಕ್ಷರ ಕುಟ್ಟಿದರೆ "ಒಂದು ಸಲ", ಇನ್ನೆರಡು ಕುಟ್ಟಿದರೆ "ಎರಡು ಸಲ". ಎಲ್ಲ ಮಾತನ್ನೂ ಮೊದಲೇ ದನಿ ಮಾಡಿ ಇಟ್ಟುಬಿಡಲೇ, ಗುಂಡಿ ಒತ್ತಿದರಾಯಿತು ಎಂದೂ ಕೇಳಿದೆ. ಅತ್ತೆ ತಲೆ ಅಡ್ಡಡ್ಡ ಆಡಿಸಿದರು. ಅವರು ಹೇಳಬೇಕೆಂದಿದ್ದದ್ದು ನನಗೆ ತಿಳಿಯಿತು. ಮೊದಲೇ ಮಾಡಿಟ್ಟ ಮಾತಿನಲ್ಲಿ ಹರಾಜು ನಡೆಯುವ ಹಾಗಿದ್ದರೆ ಮೈಕಾಸುರನೇ ಸಾಕಿತ್ತಲ್ಲ.

ಊಟದ ಮನೆಯ ಮೇಜಿನ ಮೇಲೆ ಪರೀಕ್ಷೆ. ನನ್ನ ಗಂಡ ಕೊಳ್ಳುವವರು. ಅವರು ಬಸ್ಸಿನ ಡ್ರೈವರು, ಮಾತು ಕಡಿಮೆ. ಮನೆಯಲ್ಲಿ ನಾವಿಬ್ಬರು ಮಾತಾಡಿ ಅವರಿಗೆ ಉಳಿಸಿರಲೂ ಇಲ್ಲ ಅನ್ನಿ. ಹಳೆಯ ಕುಕ್ಕರನ್ನು ಮುಂದಿಟ್ಟೆವು. ಗಂಡ ಕೈ ಎತ್ತಿದರು. ಅತ್ತೆಯ ಬೆರಳು ಟಪಟಪ ಓಡಿತು. ಎಂಟರ್ ಒತ್ತಿದರು. ಕಂಪ್ಯೂಟರು ಯೋಚಿಸಿತು. ಇನ್ನೂ ಯೋಚಿಸಿತು. ಗಂಡನ ಕೈ ಇಳಿಯಿತು, ಆ ಕೈ ತಲೆ ಕೆರೆಯಿತು, ಲೋಟ ಎತ್ತಿ ನೀರು ಕುಡಿಯಿತು. ಆಗ ಸ್ಪೀಕರಿನಿಂದ ಬಂತು ಮಾತು: "ಅಡುಗೆ ಬರದೋರು ಕುಕ್ಕರ್ ಕೇಳ್ತಿದಾರೆ, ಬರೋರು ಸುಮ್ನಿದೀರಾ?" ಒಳ್ಳೆಯ ಮಾತೇ. ಆದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು? ಗಂಡ ಪಾಪ ತಡವಾಗಿಯೇ ನಕ್ಕರು. ನಗಬೇಕಲ್ಲ ಎಂದು ನಕ್ಕರು. ಅತ್ತೆಗೆ ಅದು ಗೊತ್ತಾಗದೆ ಇರುತ್ತದೆಯೇ? ಅವರು ಸ್ಪೀಕರಿನ ಗುಂಡಿ ಆರಿಸಿ, ಎದ್ದು, ತಮ್ಮ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು ನನಗೆ.

ಮರುದಿನ ಬಿಡಿಭಾಗದ ಅಣ್ಣನ ಅಂಗಡಿಗೆ ಹೋದದ್ದು ಜಗಳಕ್ಕೇ.

"ಏನಣ್ಣಾ, ಅಂಕ ಜಾಸ್ತಿ ಅಂದೆ, ಇದು ಆಕಳಿಸ್ಕೊಂಡು ಕೂತಿರತ್ತಲ್ಲ! ಯಾರ ತಲೆಗೆ ಕಟ್ಟಬೇಕು ಅಂತಿದ್ದೆ ಈ ಸೋಮಾರಿ ಡಬ್ಬೀನ?"

"ನಾನೆಲ್ಲಿ ಕಟ್ಟಿದೆ? ನನ್ನ ಕೈಯಿಂದ ಕಿತ್ಕೊಂಡು ಹೋಗಿದ್ದು ನೀನೇ ಅಲ್ವೇನಮ್ಮಾ," ಎಂದ ಅವನು, ಚಹಾದ ಲೋಟ ನನ್ನ ಕಡೆ ಸರಿಸುತ್ತ. "ಅಂಕ ಸುಳ್ಳಲ್ಲ. ಆದರೆ ಅದು ನಾಲ್ಕೂ ಜನ ಒಟ್ಟಿಗೆ ದುಡಿದಾಗಿನ ಅಂಕ. ನಿಮ್ಮತ್ತೆ ಕೆಲಸಕ್ಕೆ ಎಷ್ಟು ಜನ ದುಡೀತಾರೆ ಅಂತ ನೋಡಿದ್ಯಾ? ಅದು ನನಗೂ ಗೊತ್ತಿಲ್ಲ. ಇಗೋ, ಇನ್ನೊಂದನ್ನೂ ತಗೊಂಡು ಹೋಗು. ಪಕ್ಕಪಕ್ಕ ಇಟ್ಟು ನೋಡು. ಬೇಡದ್ದನ್ನ ಸೋಮವಾರ ತಂದ್ಕೊಡು."

ಅವನು ಹೇಳಿದ್ದು ಸರಿ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಚಹಾ ಮಾತ್ರ ಕುಡಿದೇ ಬಂದೆ.

ಮನೆಯಲ್ಲಿ ಎರಡು ಪೆಟ್ಟಿಗೆಗಳನ್ನು ಜೋಡಿಸಿ ಅಕ್ಕಪಕ್ಕ ಇಟ್ಟೆ. ಒಂದೇ ಥರದ ಮೆಮೊರಿ, ಒಂದೇ ಥರದ ಡಿಸ್ಕು, ಅದೇ ಸಾಫ್ಟ್‌ವೇರ್, ಅದೇ ದನಿ. ಬೇರೆ ಇದ್ದದ್ದು ಪ್ರೊಸೆಸರ್ ಒಂದೇ. ಅತ್ತೆಯ ಬಾಗಿಲು ತಟ್ಟಿದೆ. ಬರಲಿಲ್ಲ. "ಅತ್ತೇ, ನೀವು ಬರದಿದ್ರೆ ಕುಕ್ಕರನ್ನ ನಾನೇ ಹರಾಜು ಹಾಕ್ತೀನಿ, ನಿಮ್ಮ ಮಗನಿಗೇ ಮಾರ್ತೀನಿ" ಎಂದೆ. ಬಾಗಿಲು ತೆರೆಯಿತು.

ಮೊದಲು ನಾಲ್ಕು ಕೋರಿನ ಪೆಟ್ಟಿಗೆ. ಒಳಗೆ ಯಾರು ಯಾರು ಕೆಲಸ ಮಾಡುತ್ತಿದ್ದಾರೆ ಎಂದು ತೋರಿಸುವ ಕಿಟಕಿಯನ್ನೂ ಪರದೆಯ ಮೂಲೆಯಲ್ಲಿ ತೆರೆದಿಟ್ಟೆ. ನಾಲ್ಕು ಆಳಿಗೆ ನಾಲ್ಕು ಗೆರೆ. ಅತ್ತೆ ಎಂಟರ್ ಒತ್ತಿದ ಕೂಡಲೇ ಒಂದು ಗೆರೆ ಛಾವಣಿ ಮುಟ್ಟಿತು. ಉಳಿದ ಮೂರು ನೆಲದ ಮೇಲೆ ಅಂಗಾತ ಮಲಗಿದ್ದವು! ಆ ಸಾಫ್ಟ್‌ವೇರಿಗೆ ಕೆಲಸ ಹಂಚಿಕೊಡಲು ಬರುವುದೇ ಇಲ್ಲ. ಒಬ್ಬನ ತಲೆಯ ಮೇಲೆ ಎಲ್ಲ ಹೊರೆ, ಅವನೋ ನಿಧಾನಿ. ನಾನು ಇದನ್ನು ಅತ್ತೆಗೆ ಬಿಡಿಸಿ ಹೇಳಿದೆ.

ಅತ್ತೆ ಗೆರೆಗಳನ್ನು ನೋಡಿದರು, ನನ್ನನ್ನು ನೋಡಿದರು. ಎದ್ದು ಹೋಗಿ ಬೀರುವಿನ ಹಿಂದಿನಿಂದ ಸ್ಲೇಟು ಎಳೆದು ತಂದು ಬರೆದರು: "ಥೇಟ್ ನಿನ್ನ ತವರುಮನೆ. ಅಪ್ಪ ಒಬ್ಬ ದುಡಿಯೋದು, ಮೂರು ಜನ ಅಣ್ಣಂದಿರು ಮಲಗೋದು."

ಎಷ್ಟೋ ದಿನಗಳ ಮೇಲೆ ಬರೆದ ಮೊದಲ ಮಾತು ನನ್ನ ತವರನ್ನು ಆಡಿಕೊಳ್ಳುವುದಕ್ಕೆ! "ನಮ್ಮಣ್ಣಂದಿರ ಸುದ್ದಿಗೆ ಬರಬೇಡಿ, ನಿಮ್ಮ ಮಗ ಏನು ಮಹಾ..." ಎಂದು ಶುರುಮಾಡಿದೆನಾದರೂ ನನಗೆ ನಗು ತಡೆಯಲಾಗಲಿಲ್ಲ. ಗಂಡನೂ ನಕ್ಕರು. ಈ ಸಲ ತಡಮಾಡದೆ ನಕ್ಕರು.

ಆಮೇಲೆ ಎರಡು ಕೋರಿನ ಪೆಟ್ಟಿಗೆ. ಗಂಡ ಕೈ ಎತ್ತಿದರು. ಟಪಟಪ, ಎಂಟರ್. ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಸುಮ್ಮನಿದ್ದು ಪೆಟ್ಟಿಗೆ ಮಾತಾಡಿತು. ಗಂಡನ ಕೈ ಇನ್ನೂ ಮೇಲೇ ಇತ್ತು! "ಇನ್ನೊಂದ್ಸಲ" ಎಂದೆ. ಇನ್ನೊಂದು ಸಲವೂ ಅಷ್ಟೇ. ಗಂಡ ಬೇಕೆಂದೇ ಗಬಕ್ಕನೆ ಕೈ ಇಳಿಸಿ ನೋಡಿದರು, ಮಾತು ಅವರ ಮೊಣಕೈ ಮಡಚುವಷ್ಟರಲ್ಲಿ ಬಿತ್ತು. ಇದರಲ್ಲೂ ದುಡಿದವನು ಒಬ್ಬನೇ, ಆದರೆ ಅವನು ಗಟ್ಟಿಗ. ಅಂಕದಲ್ಲಿ ಸೋತ ಡಬ್ಬಿ ನಮ್ಮ ಮನೆಯ ಮೇಜಿನ ಮೇಲೆ ಗೆದ್ದಿತು. ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು ನನಗೆ. ಅತ್ತೆಯನ್ನು ತಬ್ಬಿಕೊಳ್ಳೋಣ ಎನ್ನಿಸಿತು. ನಾವು ಅಂಥವರಲ್ಲವಾದ್ದರಿಂದ ಹೋಗಿ ಕಾಫಿ ಮಾಡಿ ತಂದೆ.

ಒಂದು ತಕರಾರು ಉಳಿದಿತ್ತು. ಸಾಮಾನಿನ ಫೋಟೋ ಹಿಂದಿನ ಸಾಲಿನವರಿಗೂ ಕಾಣುವಂತೆ ದೊಡ್ಡ ಪರದೆಯ ಮೇಲೆ ಬರಬೇಕು ಎಂದು ಯಜಮಾನರ ಆಸೆ. ಗಟ್ಟಿಗನ ಪೆಟ್ಟಿಗೆಯಲ್ಲೇ ಫೋಟೋಗಳನ್ನೂ ಓಡಿಸಿ ನೋಡಿದೆ. ತಕ್ಷಣ ಮಾತು ತೊದಲಿತು. ಅದೇ ಫೋಟೋಗಳನ್ನು ನಾಲ್ಕು ಕೋರಿನ ಪೆಟ್ಟಿಗೆಗೆ ಹಾಕಿದಾಗ, ಮಲಗಿದ್ದ ಮೂವರೂ ಎದ್ದು ಹೆಗಲು ಕೊಟ್ಟು ನಿಭಾಯಿಸಿದರು. ಆದ್ದರಿಂದ ಸೋಮವಾರ ಬಿಡಿಭಾಗದ ಅಣ್ಣನಿಗೆ ವಾಪಸ್ ಕೊಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮಾತಿಗೆ ಎರಡರದು, ಚಿತ್ರಕ್ಕೆ ನಾಲ್ಕರದು. "ಹಂಗಾದ್ರೆ ಯಾವುದು ಒಳ್ಳೇದು ಅಂತ ಗೊತ್ತಾಯ್ತು ಅನ್ನು" ಎಂದು ಅವನು ನಕ್ಕ. "ಗೊತ್ತಾಯ್ತು, ಎರಡೂ ಒಳ್ಳೇದು, ನಾನೇ ಪೆದ್ದಿ" ಎಂದು ಹೇಳಬಹುದಿತ್ತು. ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಬಾರದು ನೋಡಿ, ಹಾಗಾಗಿ ಮೊದಲರ್ಧ ಮಾತ್ರ ಹೇಳಿ ಬಂದೆ.

ಅಲ್ಲಿಂದ ಭಾನುವಾರದವರೆಗೆ ನಮ್ಮ ಮನೆಯೇ ಹರಾಜಿನ ಅಂಗಳ. ಅತ್ತೆ ಒಂದು ಉಪಾಯ ಕಂಡುಕೊಂಡರು. ಎದುರಿನವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅದು ಎಲ್ಲಿಗೆ ಹೋಗುತ್ತದೆಂದು ಅವರಿಗೆ ಗೊತ್ತಾಗಿಬಿಡುತ್ತದೆ. ಆಗಲೇ ಬೆರಳು ಓಡಿಸಲು ಶುರುಮಾಡುವುದು. ನಾನು "ಸಾಂಬಾರಿಗೆ ಉಪ್ಪು..." ಎನ್ನುವಷ್ಟರಲ್ಲಿ ಪೆಟ್ಟಿಗೆ "ಹಾಕಿದ್ದು ನೀನೇ, ಎರಡು ಸಲ" ಎನ್ನುತ್ತಿತ್ತು. ನನಗೆ ಮತ್ತೆ ಸೋಲು ಶುರುವಾಯಿತು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಸೋತದ್ದಿಲ್ಲ.

ಭಾನುವಾರ ಅಂಗಳ ಕಿಕ್ಕಿರಿದಿತ್ತು. ಅರ್ಧ ಜನ ಕೊಳ್ಳಲು ಬಂದವರು, ಅರ್ಧ ಜನ ನೋಡಲು ಬಂದವರು. ಕಟ್ಟೆಯ ಮೇಲೆ ಮೇಜು, ಮೇಜಿನ ಮೇಲೆ ಕೀಬೋರ್ಡು, ಎರಡು ಬದಿಗೂ ಸ್ಪೀಕರು. ಕಟ್ಟೆಯ ಕೆಳಗೆ ಎರಡು ಪೆಟ್ಟಿಗೆಗಳ ನಡುವೆ ತಂತಿ ಹಿಡಿದು ನಾನು ಕುಕ್ಕುರುಗಾಲಲ್ಲಿ ಕೂತಿದ್ದೆ. ಯಜಮಾನರು ಕಂಬಕ್ಕೆ ಒರಗಿದ್ದರು. ಮೈಕಾಸುರ ಮೊದಲ ಸಾಲಿನಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನ ಮೈಕಿನ ಕಂಬ ಪಕ್ಕದಲ್ಲೇ ತಯಾರಾಗಿ ನಿಂತಿತ್ತು. ಅತ್ತೆ ಕಟ್ಟೆ ಹತ್ತಿದಾಗ ಅಂಗಳದಲ್ಲಿ ಆ ಹಾಳು ಮೌನ ಹರಡಿತು. ಎಲ್ಲರ ಮುಖದಲ್ಲೂ ಅದೇ ಕರುಣೆ. ನಾನು ತಂತಿಯನ್ನು ಇನ್ನೊಂದು ಸಲ ಒತ್ತಿ ಕೂರಿಸಿದೆ.

ಮೊದಲ ಸಾಮಾನು ಒಂದು ಕಬ್ಬಿಣದ ಮಂಚ. ಯಾರೂ ಕೈ ಎತ್ತಲಿಲ್ಲ. ಮೈಕಾಸುರ ಹಿಂದೆ ತಿರುಗಿ ಎಲ್ಲರಿಗೂ ಕೇಳುವಂತೆ, "ಇಷ್ಟು ದಿನ ಮನುಷ್ಯರ ಜೊತೆ ಚೌಕಾಸಿ ಮಾಡ್ತಿದ್ವಿ. ಇನ್ಮೇಲೆ ಡಬ್ಬಿ ಜೊತೆ ಮಾಡ್ಬೇಕೇನ್ರಪ್ಪಾ?" ಎಂದ. ಒಬ್ಬಿಬ್ಬರು ಕಿಸಕ್ಕೆಂದರು. ಆ ಕಿಸಕ್ ಮುಗಿಯುವ ಮೊದಲೇ ಸ್ಪೀಕರು ಸಿಡಿಯಿತು.

"ನಿನ್ನ ಮದುವೆ ಮಂಚ ಮಾರಿದ್ದೂ ಈ ಕಟ್ಟೆ ಮೇಲಿಂದ್ಲೇ ಕಣಪ್ಪಾ! ಅವತ್ತು ಕೈ ಎತ್ತಿದ್ದು ನಿನ್ನ ಹೆಂಡತಿ. ನೀನು ಕಂಬದ ಹಿಂದೆ ನಿಂತು ಬೆವರು ಒರೆಸ್ಕೋತಿದ್ದೆ!"

ಒಂದು ಕ್ಷಣ ಯಾರಿಗೂ ನಂಬಿಕೆಯಾಗಲಿಲ್ಲ. ಆಮೇಲೆ ನಗು ತಗಡಿನ ಮಾಡು ಹಾರಿಹೋಗುವಂತೆ ಎದ್ದಿತು. ಹಿಂದಿನ ಸಾಲಿನಿಂದ ಯಾರೋ, "ಹರಾಜಮ್ಮ ಬಂದ್ರಪ್ಪೋ!" ಎಂದು ಕೂಗಿದರು. ಮೈಕಾಸುರನೂ ಕಿವಿ ಕೆಂಪಾಗಿಸಿಕೊಂಡು ನಕ್ಕ. ಮಂಚಕ್ಕೆ ಕೈಗಳು ಎದ್ದವು. ಎದ್ದ ಕೈ ಇಳಿಯಲು ಅತ್ತೆ ಬಿಡಲಿಲ್ಲ. ಬೀರು ಹೋಯಿತು, ಕುರ್ಚಿಗಳು ಹೋದವು, ಹೊಲಿಗೆ ಯಂತ್ರ ಹೋಯಿತು. ಕುಂಟುವ ಮೇಜೊಂದನ್ನು, "ಮನೆ ನೆಲವೇ ಸೊಟ್ಟ ಇರೋರಿಗೆ ಹೇಳಿ ಮಾಡಿಸಿದ್ದು, ನಾಲ್ಕನೇ ಬೀದಿಯೋರೇ ನಿಮಗೇ ಹೇಳ್ತಿರೋದು" ಎಂದು ಮಾರಿಬಿಟ್ಟರು. ಕರುಣೆಯ ಮುಖಗಳು ಎಲ್ಲಿ ಹೋದವೋ. ಜನ ಅವರೊಡನೆ ವಾದ ಮಾಡಿದರು, ಅಡ್ಡ ಮಾತಾಡಿದರು, ಬಿರುಕು ತೋರಿಸಿ ಬೈದರು. ಕೆಳಗೆ ಕೂತು ನಾನು ಪೆಟ್ಟಿಗೆಯನ್ನು ಸವರುತ್ತ "ಜೋರು, ಜೋರು ಮಗನೇ" ಎಂದು ಹುರಿದುಂಬಿಸುತ್ತಿದ್ದೆ. ಆ ಚುರುಕು ಆಳು ಒಂದು ಸಲವೂ ಕೈಕೊಡಲಿಲ್ಲ.

ಆಮೇಲೆ ಮರದ ಪೆಟ್ಟಿಗೆಯ ಹಳೆಯ ರೇಡಿಯೋ ಒಂದು ಬಂತು. ದೊಡ್ಡ ಪರದೆಯ ಮೇಲೆ ಅದರ ಹಿತ್ತಾಳೆ ಗುಂಡಿಗಳು ಮಿಂಚಿದಾಗ ಮೈಕಾಸುರ ಕಾಲು ಇಳಿಸಿ ನೆಟ್ಟಗೆ ಕೂತ. ದನಿಯ ಸಾಮಾನೆಂದರೆ ಅವನಿಗೆ ಜೀವ. ತಾನು ಇಲ್ಲಿಗೆ ಯಾಕೆ ಬಂದೆ ಎಂಬುದನ್ನೇ ಅವನು ಮರೆತದ್ದು ನನಗೆ ಕೆಳಗಿನಿಂದ ಚೆನ್ನಾಗಿ ಕಂಡಿತು. ಆದರೆ ಮೊದಲು ಕೈ ಎತ್ತಿದವನು ಕಟಿಂಗ್ ಶಾಪಿನವನು.

"ಕಟಿಂಗ್ ಶಾಪಿಗೆ ಹೋಗತ್ತೆ ರೇಡಿಯೋ! ಒಳ್ಳೇದೇ ಆಯ್ತು, ಇನ್ಮೇಲೆ ಇವನ ಕತೆ ಕೇಳೋದು ತಪ್ಪತ್ತೆ!"

ಮೈಕಾಸುರ ಕೈ ಎತ್ತಿದ. ಕಟಿಂಗ್ ಶಾಪಿನವನು ಮತ್ತೆ ಎತ್ತಿದ. ಇವನು, ಅವನು, ಇವನು, ಅವನು. ಜನ ಕತ್ತು ಅತ್ತ ಇತ್ತ ತಿರುಗಿಸುತ್ತ ನೋಡಿದರು. ಅತ್ತೆಯ ಬೆರಳು ನಿಲ್ಲಲೇ ಇಲ್ಲ. ಕೊನೆಗೆ ಕಟಿಂಗ್ ಶಾಪಿನವನ ಕೈ ಮೇಲಿದ್ದಾಗ ಮೈಕಾಸುರ ತುಟಿ ಕಚ್ಚಿಕೊಂಡು, ಬೆರಳು ಮಡಚುತ್ತ ಏನೋ ಲೆಕ್ಕ ಹಾಕತೊಡಗಿದ.

"ಒಂದು ಸಲ! ಮೈಕಿನ ಸಾಹುಕಾರರು ಯೋಚನೆ ಮಾಡ್ತಿದಾರೆ. ದನಿ ಬೆಲೆ ಗೊತ್ತಿರೋರೇ ಹಿಂದೆ ಮುಂದೆ ನೋಡಿದ್ರೆ ಹೆಂಗೆ? ಮನೇಲಿ ಕೇಳ್ಕೊಂಡು ಬರ್ತೀರಾ? ಕಂಬ ಬೇಕಾ ನಿಂತ್ಕೊಳೋಕೆ?"

"ಅಯ್ಯೋ, ಒಂದ್ನಿಮಿಷ ಬಾಯ್ಮುಚ್ಚಮ್ಮಾ ತಾಯೀ! ಯೋಚನೆ ಮಾಡೋಕೆ ಬಿಡು!" ಎಂದು ಮೈಕಾಸುರ ಕಿರುಚಿಬಿಟ್ಟ.

ಇಡೀ ಅಂಗಳ ಗಪ್‌ಚಿಪ್ಪಾಯಿತು. ತಾನು ಅಂದದ್ದೇನೆಂದು ಮೈಕಾಸುರನಿಗೆ ಆಗ ಹೊಳೆಯಿತು. ತನ್ನ ಬಾಯಿಯನ್ನು ತಾನೇ ಅಂಗೈಯಲ್ಲಿ ಮುಚ್ಚಿಕೊಂಡ. ಆಪರೇಷನ್ ಆದಂದಿನಿಂದ ಆ ಮಾತನ್ನು ಅತ್ತೆಗೆ ಯಾರೂ ಹೇಳಿರಲಿಲ್ಲ. ಯಾಕೆ ಹೇಳುತ್ತಾರೆ, ಮುಚ್ಚಿಸಲು ಬಾಯಿ ಎಲ್ಲಿತ್ತು? ನಾನು ತಂತಿ ಬಿಟ್ಟು ಎದ್ದು ನಿಂತೆ. ಅವನ ಕಾಲರ್ ಹಿಡಿಯುವುದೊಂದು ಬಾಕಿ.

ಆಗ ಅತ್ತೆಯ ಹೆಗಲು ಕುಲುಕುವುದು ಕಾಣಿಸಿತು. ಅಳುತ್ತಿದ್ದಾರೆ ಎಂದುಕೊಂಡೆ. ಅಳುತ್ತಲೂ ಇದ್ದರು, ನಿಜ, ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಆದರೆ ಬಾಯಿ ಕಿವಿಯವರೆಗೆ ತೆರೆದಿತ್ತು. ಸದ್ದೇ ಇಲ್ಲದೆ, ಮೇಜಿನ ಅಂಚು ಹಿಡಿದುಕೊಂಡು, ನನ್ನ ಅತ್ತೆ ಬಿದ್ದು ಬಿದ್ದು ನಗುತ್ತಿದ್ದರು. ಕಣ್ಣು ಒರೆಸಿಕೊಳ್ಳದೆಯೇ ಕೀಬೋರ್ಡಿಗೆ ಕೈ ಹಾಕಿದರು.

"ಆಗಲ್ಲ!" ಎಂದಿತು ಸ್ಪೀಕರು. "ಎರಡು ಸಲ!"

ಚಪ್ಪಾಳೆ, ಶಿಳ್ಳೆ, ಕುರ್ಚಿ ಬಡಿಯುವ ಸದ್ದು. ಅದರ ನಡುವೆ ಮೈಕಾಸುರ ಎರಡೂ ಕೈ ಎತ್ತಿ, "ನಂದೇ ನಂದೇ, ನಂಗೇ ಹಾಕ್ಬಿಡು ತಾಯೀ" ಎಂದು ನಗುತ್ತ ಕೂಗುತ್ತಿದ್ದ. ನನಗೆ ಮುಂದಿನದು ಸರಿಯಾಗಿ ಕಾಣಿಸಲಿಲ್ಲ, ಕಣ್ಣು ತುಂಬಿ ಹರಿಯುತ್ತಿತ್ತು. ಗೆದ್ದರು ನನ್ನ ಅತ್ತೆ, ಗೆದ್ದೇಬಿಟ್ಟರು, ನನ್ನ ಜೀವಮಾನದಲ್ಲಿ ಅಷ್ಟು ಹಿಗ್ಗು ನನಗೆ ಇನ್ಯಾವತ್ತೂ ಆಗಿರಲಿಲ್ಲ.

ಯಜಮಾನರು ಕಟ್ಟೆ ಹತ್ತಿ, ಕೈ ಮೇಲೆತ್ತಿ ಜನರನ್ನು ಸುಮ್ಮನಾಗಿಸಿ, ಗಂಟಲು ಸರಿಮಾಡಿಕೊಂಡರು. "ನೋಡ್ರಪ್ಪಾ, ಕಟ್ಟೆ ಹರಾಜಮ್ಮಂದೇ. ಈ ಸಂದರ್ಭದಲ್ಲಿ ನಾನು ಎರಡು ಮಾತು..."

"ಆಮೇಲೆ ಯಜಮಾನ್ರೇ," ಎಂದು ಸ್ಪೀಕರು ಅವರ ಮಾತನ್ನು ಅರ್ಧಕ್ಕೇ ಕತ್ತರಿಸಿತು. "ಇನ್ನೂ ಸಾಮಾನಿದೆ."

ಯಜಮಾನರು ನಗುತ್ತ ಕೆಳಗಿಳಿದರು. ಅತ್ತೆ ಮುಂದಿನ ಸಾಮಾನು ಕೂಗಿದರು.